ಹತ್ತರಲ್ಲೊಂದು ಅಳತೆಯ ಟಿ-55: ಓಡುವ ಟ್ಯಾಂಕ್ ಮಾದರಿಯನ್ನು ಮಲೆನಾಡಿನ ಮನೆಯಲ್ಲಿ ಕಟ್ಟಿ ಬಣ್ಣ ಹಚ್ಚುವ ಸಮಗ್ರ ಮಾರ್ಗದರ್ಶಿ

ಮಾದರಿ ಟ್ಯಾಂಕ್ ಎಂದೊಡನೆ ನೋಡುವವರ ಕಣ್ಣು ತೋಪಿನ ಕಡೆಗೆ ಹೋಗುತ್ತದೆ. ಕಟ್ಟುವವರ ಕಣ್ಣು ಮಾತ್ರ ನೆಲದಿಂದ ಹತ್ತು ಸೆಂಟಿಮೀಟರ್ ಎತ್ತರದೊಳಗೇ ಇರಬೇಕು. ಚಕ್ರ, ಅವುಗಳ ಸುತ್ತ ಓಡುವ ಕೊಂಡಿಪಟ್ಟಿಯಾದ ಟ್ರ್ಯಾಕ್, ಅವುಗಳನ್ನು ಹೊರುವ ತೋಳುಗಳು ಸರಿಯಾಗಿದ್ದರೆ ಮೇಲೆ ಸಾದಾ ಪೆಟ್ಟಿಗೆ ಕೂರಿಸಿದರೂ ಅದು ಟ್ಯಾಂಕಿನಂತೆಯೇ ಓಡುತ್ತದೆ. ಅವು ಕೆಟ್ಟರೆ ಎಷ್ಟೇ ಚೆಂದದ ಬಣ್ಣ ಹಚ್ಚಿದರೂ ಅದು ಶೋಕೇಸಿನ ಬೊಂಬೆ. ಹಾಗಾಗಿ ಹಣ, ಸಮಯ ಎರಡರಲ್ಲೂ ಅರ್ಧ ಭಾಗವನ್ನು ಕೆಳಭಾಗಕ್ಕೇ ಮೀಸಲಿಡಿ. ಈ ಬರಹದಲ್ಲೂ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಯಾವ ಟ್ಯಾಂಕ್, ಯಾವ ಅಳತೆ

ಮೊದಲ ದೊಡ್ಡ ಮಾದರಿಗೆ ನಾನು ಹೇಳುವುದು ಟಿ-55. ಸೋವಿಯತ್ ಒಕ್ಕೂಟದಲ್ಲಿ 1958ರಿಂದ ತಯಾರಾದ ಈ ಟ್ಯಾಂಕನ್ನು ನಮ್ಮ ಸೇನೆ 1971ರ ಯುದ್ಧದಲ್ಲಿ ಬಳಸಿತು. ಸೇವೆಯಿಂದ ನಿವೃತ್ತವಾದ ಎಷ್ಟೋ ಟಿ-55ಗಳು ದೇಶದ ಹಲವು ಊರುಗಳಲ್ಲಿ ಸ್ಮಾರಕಗಳಾಗಿ ನಿಂತಿವೆ. ಅಂಥದೊಂದರ ಸುತ್ತ ನಡೆದು, ಬೆಸುಗೆಯ ಗೆರೆಯನ್ನೂ ಬೋಲ್ಟಿನ ತಲೆಯನ್ನೂ ಹತ್ತಿರದಿಂದ ನೋಡಿ ಫೋಟೋ ತೆಗೆದುಕೊಂಡು ಬರಬಹುದು. ಅಂತರ್ಜಾಲದ ಚಿತ್ರಗಳಿಗಿಂತ ಅದು ಎಷ್ಟೋ ಪಾಲು ಮೇಲು.

ಇನ್ನೊಂದು ಕಾರಣ ಯಂತ್ರದ್ದು. ಟಿ-55ಕ್ಕೆ ಒಂದೊಂದು ಬದಿಗೆ ಐದೇ ದೊಡ್ಡ ಚಕ್ರ. ಮೇಲಿನ ಟ್ರ್ಯಾಕನ್ನು ಹೊರಲು ಪ್ರತ್ಯೇಕ ಸಣ್ಣ ರೋಲರುಗಳಿಲ್ಲ, ಟ್ರ್ಯಾಕ್ ಚಕ್ರಗಳ ನೆತ್ತಿಯ ಮೇಲೆಯೇ ಮಲಗಿ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಮಾಡಬೇಕಾದ ಭಾಗಗಳು ಕಡಿಮೆ, ಕೆಡುವ ಭಾಗಗಳೂ ಕಡಿಮೆ.

ಅಳತೆ ಹತ್ತರಲ್ಲೊಂದು ಇರಲಿ. ಲೆಕ್ಕಕ್ಕೆ ಇದರಷ್ಟು ಸಲೀಸಾದದ್ದು ಬೇರೆ ಇಲ್ಲ: ನಿಜವಾದ ಟ್ಯಾಂಕಿನ ಒಂದು ಸೆಂಟಿಮೀಟರ್ ನಿಮ್ಮ ಮಾದರಿಯಲ್ಲಿ ಒಂದು ಮಿಲಿಮೀಟರ್. ಟಿ-55ರ ಒಡಲು 6.45 ಮೀಟರ್ ಉದ್ದ, 3.27 ಮೀಟರ್ ಅಗಲ, ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ಸೇರಿ ಎತ್ತರ ಸುಮಾರು 2.4 ಮೀಟರ್. ಅಂದರೆ ನಿಮ್ಮ ಮೇಜಿನ ಮೇಲೆ 645, 327 ಮತ್ತು 240 ಮಿ.ಮೀ. ಟ್ರ್ಯಾಕಿನ ಅಗಲ 58 ಮಿ.ಮೀ., ಚಕ್ರದ ವ್ಯಾಸ 81 ಮಿ.ಮೀ., ಎರಡು ಟ್ರ್ಯಾಕುಗಳ ನಡುಗೆರೆಗಳ ಅಂತರ 264 ಮಿ.ಮೀ.

ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರೂ ಹತ್ತನೇ ಒಂದಾದಾಗ ತೂಕ ಸಾವಿರದಲ್ಲೊಂದು ಆಗುತ್ತದೆ. 36 ಟನ್ನಿನ ಟ್ಯಾಂಕಿಗೆ 36 ಕಿಲೊ ಆಗಬೇಕಿತ್ತು. ಅಷ್ಟು ಭಾರ ಬೇಡ. 12 ಕಿಲೊ ಆಸುಪಾಸಿನಲ್ಲಿದ್ದರೆ ಒಬ್ಬರೇ ಎತ್ತಬಹುದು, ನಡಿಗೆಯೂ ಗಂಭೀರವಾಗಿರುತ್ತದೆ. ಐದಾರು ಕಿಲೊಗೆ ಇಳಿದರೆ ಸಣ್ಣ ಕಲ್ಲಿಗೂ ಕುಣಿಯುತ್ತದೆ.

ಮಳೆಗಾಲಕ್ಕೊಂದು ಕೆಲಸ, ಬಿಸಿಲಿಗೊಂದು ಕೆಲಸ

ನಮ್ಮಲ್ಲಿ ಕೆಲಸದ ಕ್ರಮವನ್ನು ಮಳೆಯೇ ನಿರ್ಧರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ, ಆದರೂ ಆಷಾಢದ ಗಾಳಿಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೋಹದ ಕೆಲಸ, ವೈರಿಂಗ್, ಟ್ರ್ಯಾಕ್ ಜೋಡಣೆ ಇಟ್ಟುಕೊಳ್ಳಿ. ಬಣ್ಣವನ್ನು ನವೆಂಬರ್‌ನಿಂದ ಫೆಬ್ರವರಿಯ ಒಣ ಹವೆಗೆ ಕಾದಿಡಿ.

ಸಾಮಗ್ರಿಯ ಆಯ್ಕೆಯಲ್ಲೂ ಇದೇ ಮಾತು. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆಯನ್ನು ಮುಟ್ಟಲೇಬೇಡಿ. ಕತ್ತರಿಸಿದ ಅಂಚಿನಿಂದ ತೇವ ಹೀರಿ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಮರವೇ ಬೇಕೆಂದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತನ್ನಿ. ನನ್ನ ಒಲವು ಕೆಳಗಿನ ತೊಟ್ಟಿಗೆ 3 ಮಿ.ಮೀ. ಅಲ್ಯೂಮಿನಿಯಂ ತಗಡು, ಮೇಲಿನ ಭಾಗಕ್ಕೆ ಬೋರ್ಡ್ ಬರೆಯುವವರು ಬಳಸುವ 3 ಮಿ.ಮೀ. ಪಿವಿಸಿ ಫೋಮ್ ಶೀಟ್. ಅದು ಬ್ಲೇಡಿಗೆ ಬಗ್ಗುತ್ತದೆ, ನೀರಿಗೆ ಬಗ್ಗುವುದಿಲ್ಲ.

ಲೇತ್ ಕೆಲಸಕ್ಕೆ ಶಿವಮೊಗ್ಗದವರು ದೂರ ಹೋಗಬೇಕಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಭದ್ರಾವತಿ ಕಡೆಗಿರುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಎರಡೂ ಹತ್ತಿರ. ಮೇಸ್ತ್ರಿಗಳ ಬಳಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಒಂದೊಂದು ಭಾಗಕ್ಕೂ ಒಂದೊಂದು ಹಾಳೆಯಲ್ಲಿ ಚಿತ್ರ ಬರೆದು, ಮಿಲಿಮೀಟರಿನಲ್ಲಿ ಅಳತೆ ಹಾಕಿ, ಬೇರಿಂಗ್ ಕೂರುವ ಜಾಗಕ್ಕೆ ಆ ಬೇರಿಂಗನ್ನೇ ಕೈಗೆ ಕೊಟ್ಟು ಬನ್ನಿ. ಮೋಟಾರ್ ಮತ್ತು ಎಲೆಕ್ಟ್ರಾನಿಕ್ಸ್ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಒಡಲು

ಮೊದಲು ಪಕ್ಕನೋಟ, ಮೇಲ್ನೋಟ ಎರಡನ್ನೂ ಮಾದರಿಯ ಪೂರ್ಣ ಗಾತ್ರದಲ್ಲಿ ಮುದ್ರಿಸಿಕೊಂಡು ಗೋಡೆಗೆ ಅಂಟಿಸಿ. ಮುಂದೆ ಪ್ರತಿ ಅನುಮಾನಕ್ಕೂ ಸ್ಕೇಲನ್ನು ಆ ಕಾಗದದ ಮೇಲೆಯೇ ಇಡುತ್ತೀರಿ.

ಕೆಳತೊಟ್ಟಿಯ ಹೊರ ಅಗಲ 196 ಮಿ.ಮೀ. ಸಾಕು. ಹೀಗಾದರೆ ಟ್ರ್ಯಾಕಿಗೂ ಒಡಲಿಗೂ ನಡುವೆ ಎರಡೂ ಕಡೆ 5 ಮಿ.ಮೀ. ಜಾಗ ಉಳಿಯುತ್ತದೆ. ತಳ ಮತ್ತು ಎರಡು ಬದಿಗಳನ್ನು ಅಲ್ಯೂಮಿನಿಯಂ ಎಲ್ ಆಂಗಲ್ ಇಟ್ಟು ರಿವೆಟ್ ಮಾಡಿ. ಎರಡು ಬದಿಯ ತಗಡುಗಳನ್ನು ಒಂದರ ಮೇಲೊಂದಿಟ್ಟು ಕ್ಲಾಂಪ್ ಬಿಗಿದು, ಹಿಂದಿನ ಹಲ್ಲುಚಕ್ರದ ಅಚ್ಚಿನ ರಂಧ್ರಗಳನ್ನು ಒಂದೇ ಏಟಿಗೆ ಕೊರೆಯಿರಿ. ಈ ಅಚ್ಚು ಒಂದು ಮಿಲಿಮೀಟರ್ ಓರೆಯಾದರೂ ಟ್ರ್ಯಾಕ್ ಒಂದು ಬದಿಗೆ ಸರಿದು ಕಳಚುತ್ತದೆ. ಮುಂದಿನ ಇಳಿಜಾರು ತಗಡು ಲಂಬದಿಂದ 60 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಟಿ-55ರ ಮುಖಲಕ್ಷಣ ಅದೇ ಆದ್ದರಿಂದ ಕೋನಮಾಪಕ ಇಟ್ಟೇ ಕೂರಿಸಿ.

ತಿರುಚು ಸರಳುಗಳು

ನಿಜವಾದ ಟಿ-55ರಲ್ಲಿ ಚಕ್ರದ ತೋಳು ಮೇಲೆದ್ದಾಗ ಒಡಲಿನ ಅಡ್ಡಕ್ಕೂ ಮಲಗಿರುವ ಉಕ್ಕಿನ ಸರಳೊಂದು ತಿರುಚಿಕೊಳ್ಳುತ್ತದೆ. ಆ ತಿರುಚೇ ಸ್ಪ್ರಿಂಗ್. ಮಾದರಿಯಲ್ಲಿ ಇದನ್ನು ಹಾಗೆಯೇ ಮಾಡಬಹುದು, ಮಾಡಲೇಬೇಕು. ಸುರುಳಿ ಸ್ಪ್ರಿಂಗ್ ಹಾಕಿದರೆ ಒಡಲೊಳಗಿನ ಜಾಗವೆಲ್ಲ ಅದಕ್ಕೇ ಹೋಗುತ್ತದೆ.

ಪಿಯಾನೊ ವೈರ್ ಎಂದು ಮಾರುವ ಸ್ಪ್ರಿಂಗ್ ಉಕ್ಕಿನ ನೇರ ಸರಳು ತನ್ನಿ. ಇಲ್ಲಿ ಸರಳಿನ ದಪ್ಪವೇ ಎಲ್ಲವನ್ನೂ ತೀರ್ಮಾನಿಸುತ್ತದೆ, ಏಕೆಂದರೆ ಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 12 ಕಿಲೊ ತೂಕ ಹತ್ತು ಚಕ್ರಗಳಿಗೆ ಹಂಚಿದರೆ ಒಂದಕ್ಕೆ 1.2 ಕಿಲೊ. 25 ಮಿ.ಮೀ. ತೋಳು, ಸುಮಾರು 20 ಸೆಂ.ಮೀ. ಉದ್ದದ 3 ಮಿ.ಮೀ. ಸರಳು ಇದ್ದರೆ ನಿಂತಲ್ಲಿ ಚಕ್ರ ಎರಡೂವರೆ ಮಿ.ಮೀ. ಅಷ್ಟೇ ಕುಗ್ಗುತ್ತದೆ. ಇದು ಬಿರುಸು. ಅದೇ ಸರಳನ್ನು 2.5 ಮಿ.ಮೀ. ಮಾಡಿದರೆ ಕುಗ್ಗುವಿಕೆ ಎರಡರಷ್ಟಾಗಿ 5 ಮಿ.ಮೀ. ಬರುತ್ತದೆ. ನಮಗೆ ಬೇಕಾದದ್ದು ಅದೇ. ನಿಮ್ಮ ಮಾದರಿ 20 ಕಿಲೊ ಹತ್ತಿರ ಹೋದರೆ ಮಾತ್ರ 3 ಮಿ.ಮೀ. ಸರಳಿಗೆ ಹೋಗಿ.

ಜೋಡಿಸುವ ಬಗೆ ಹೀಗೆ. ತೋಳಿನ ಬುಡಕ್ಕೆ ಹಿತ್ತಾಳೆಯ ಬುಶ್ ಹಾಕಿ ಒಡಲಿನ ಬದಿಯಲ್ಲಿ ಕೂರಿಸಿ. ಸರಳಿನ ಎರಡೂ ತುದಿಯನ್ನು 10 ಮಿ.ಮೀ.ಯಷ್ಟು ಲಂಬವಾಗಿ ಬಗ್ಗಿಸಿ. ಒಂದು ತುದಿ ತೋಳಿನ ಸೀಳಿನಲ್ಲಿ, ಇನ್ನೊಂದು ಎದುರು ಬದಿಯ ಹಿಡಿಕೆಯಲ್ಲಿ ಸಿಕ್ಕಿಕೊಳ್ಳಬೇಕು. ಬಗ್ಗಿಸಲು ಕಾಯಿಸಬೇಡಿ, ಕಾದ ಸರಳು ತನ್ನ ಗುಣ ಕಳೆದುಕೊಳ್ಳುತ್ತದೆ. ವೈಸ್‌ನಲ್ಲಿ ಹಿಡಿದು ತಣ್ಣಗೇ ಬಗ್ಗಿಸಿ, ಕಣ್ಣು ಕಾಯುವ ಸುರಕ್ಷಾ ಕನ್ನಡಕ ಧರಿಸಿ. ಎಡಬದಿಯ ಸರಳೂ ಬಲಬದಿಯ ಸರಳೂ ಪಕ್ಕಪಕ್ಕದಲ್ಲಿ ಮಲಗುವುದರಿಂದ ಎರಡು ಬದಿಯ ಚಕ್ರಗಳು ಒಂದಕ್ಕೊಂದು ನೇರ ಎದುರಾಗಿರುವುದಿಲ್ಲ, ಸ್ವಲ್ಪ ಹಿಂದುಮುಂದಾಗುತ್ತವೆ. ನಿಜವಾದ ಟ್ಯಾಂಕಿನಲ್ಲೂ ಹಾಗೆಯೇ ಇದೆ. ಮೊದಲ ಮತ್ತು ಎರಡನೆಯ ಚಕ್ರದ ನಡುವೆ ಹೆಚ್ಚು ಅಂತರ ಇರುವುದನ್ನೂ ಮರೆಯಬೇಡಿ, ಟಿ-55 ಗುರುತಿಸುವವರು ಮೊದಲು ನೋಡುವುದು ಅದನ್ನೇ.

ಟ್ರ್ಯಾಕ್

ಮೂರು ದಾರಿಗಳಿವೆ. ತಯಾರಾದ ಲೋಹದ ಟ್ರ್ಯಾಕ್ ಕೊಳ್ಳುವುದು ಒಂದು. ಆದರೆ ಈ ಅಳತೆಯಲ್ಲಿ ಅದು ಅಪರೂಪ, ದುಬಾರಿ. 3ಡಿ ಪ್ರಿಂಟರ್‌ನಲ್ಲಿ ಕೊಂಡಿಗಳನ್ನು ಮುದ್ರಿಸುವುದು ಇನ್ನೊಂದು. ಆಗ ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಪಿಇಟಿಜಿ ಅಥವಾ ನೈಲಾನ್ ಬಳಸಿ, ಕೊಂಡಿಗಳ ನಡುವೆ 2 ಮಿ.ಮೀ. ಉಕ್ಕಿನ ಪಿನ್ ಹಾಕಿ. ನೋಡಲು ಇದೇ ಎಲ್ಲಕ್ಕಿಂತ ಚೆಂದ. ಆದರೆ ನಮ್ಮ ಜಂಬಿಟ್ಟಿಗೆ ನೆಲದ ಹರಳು ಪ್ಲಾಸ್ಟಿಕ್ ರಂಧ್ರವನ್ನು ಬೇಗ ತಿನ್ನುತ್ತದೆ.

ನಾನು ಒತ್ತಿ ಹೇಳುವುದು ಮೂರನೆಯ ದಾರಿ: ಕಾರ್ಖಾನೆಗಳ ಕನ್ವೇಯರ್‌ಗೆ ಬಳಸುವ, ಎರಡೂ ಕಡೆ ಕಿವಿಗಳಿರುವ 08ಬಿ ಗಾತ್ರದ ರೋಲರ್ ಚೈನ್. ಕೊಳ್ಳುವಾಗ ಪ್ರತಿ ಕೊಂಡಿಗೂ ಕೆ-1 ಕಿವಿ ಇರಬೇಕೆಂದು ಕೇಳಿ. ಇದರ ಕೊಂಡಿಯಿಂದ ಕೊಂಡಿಗೆ ಅಂತರ 12.7 ಮಿ.ಮೀ., ಅಂದರೆ ಅರ್ಧ ಇಂಚು. ಟಿ-55ರ ಕೊಂಡಿಯ ಅಂತರ ನಮ್ಮ ಅಳತೆಯಲ್ಲಿ 13.7 ಮಿ.ಮೀ. ಆಗುತ್ತದೆ. ಒಂದು ಮಿಲಿಮೀಟರಿನ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಚೈನಿನ ಕಿವಿಗಳ ಮೇಲೆ 58 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿಗಳನ್ನು ಸ್ಕ್ರೂ ಮಾಡಿದರೆ ಟ್ರ್ಯಾಕ್ ಸಿದ್ಧ. ಪಟ್ಟಿಯ ಇನ್ನೊಂದು ಅಳತೆ 11.5 ಮಿ.ಮೀ. ಇರಲಿ, ಆಗ ಎರಡರ ನಡುವೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸಂದು ಉಳಿದು ಮಣ್ಣು ಉದುರುತ್ತದೆ. ಪ್ರತಿ ಸ್ಕ್ರೂಗೂ ಥ್ರೆಡ್ ಲಾಕ್ ಅಂಟು ಒಂದು ಹನಿ ಹಾಕಿ.

ಒಂದು ಬದಿಗೆ ಸುಮಾರು 97 ಕೊಂಡಿ ಲೆಕ್ಕಕ್ಕೆ ಬರುತ್ತದೆ. ಆದರೆ ರೋಲರ್ ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಬರುವುದರಿಂದ ಒಟ್ಟು ಸಂಖ್ಯೆ ಸಮವಾಗಿರಬೇಕು. 96 ಅಥವಾ 98 ಮಾಡಿ, ಉಳಿದದ್ದನ್ನು ಮುಂದಿನ ಐಡ್ಲರ್ ಚಕ್ರವನ್ನು (ಟ್ರ್ಯಾಕ್ ಬಿಗಿಮಾಡುವ, ಮೋಟಾರಿಲ್ಲದ ಚಕ್ರ) ಸರಿಸಿ ಹೊಂದಿಸಿ.

ಈ ಚೈನಿನ ಇನ್ನೊಂದು ಲಾಭ ಚಕ್ರಗಳಲ್ಲಿ ಕಾಣುತ್ತದೆ. ಟಿ-55ರ ಚಕ್ರ ಎರಡು ತಟ್ಟೆಗಳ ಜೋಡಿ. ಟ್ರ್ಯಾಕಿನ ಕೊಂಬು ಆ ಎರಡರ ನಡುವೆ ಹಾದುಹೋಗಿ ಟ್ರ್ಯಾಕನ್ನು ದಾರಿಯಲ್ಲಿ ಇಡುತ್ತದೆ. ನಮ್ಮಲ್ಲಿ ಚೈನ್ ಆ ಕೊಂಬಿನ ಕೆಲಸ ಮಾಡುತ್ತದೆ, ಹೊರಗೂ ಕಾಣುವುದಿಲ್ಲ. ನೈಲಾನ್ ರಾಡಿನಿಂದ ಚಕ್ರ ತಿರುವಿಸುವಾಗ ತಟ್ಟೆಗಳ ನಡುವೆ 20 ಮಿ.ಮೀ. ಸಂದು ಬಿಡಿಸಿ, ನಡುವಿನ ಗುಂಬ 48 ಮಿ.ಮೀ.ಗಿಂತ ದಪ್ಪವಾಗದಿರಲಿ. ದಪ್ಪವಾದರೆ ಚೈನಿನ ನೆತ್ತಿ ಅದಕ್ಕೆ ತಾಗಿ ಕರಕರ ಎನ್ನುತ್ತದೆ. ಒಂದು ಚಕ್ರವನ್ನು ಮೊದಲು ಮಾಡಿಸಿ, ಚೈನಿನ ತುಂಡಿನ ಮೇಲೆ ಉರುಳಿಸಿ ನೋಡಿ, ಆಮೇಲೆ ಉಳಿದ ಒಂಬತ್ತಕ್ಕೆ ಹೇಳಿ. ಎಲ್ಲ ಚಕ್ರಗಳಿಗೂ 608 ಬೇರಿಂಗ್ ಹಾಕಿ.

ಬಿಗಿತದ ಪರೀಕ್ಷೆ ಹೀಗೆ: ಮೇಲಿನ ಟ್ರ್ಯಾಕ್ ಎರಡು, ಮೂರು, ನಾಲ್ಕನೆಯ ಚಕ್ರಗಳ ನೆತ್ತಿಗೆ ತಾಗಿ ಮಲಗಿರಬೇಕು, ನಡುವಿನಲ್ಲಿ ಬೆರಳಿನಿಂದ ಎತ್ತಿದರೆ ಒಂದು ಸೆಂಟಿಮೀಟರ್ ಏಳಬೇಕು. ತಂತಿಯಂತೆ ಬಿಗಿದರೆ ಮೋಟಾರಿನ ಶಕ್ತಿ ಟ್ರ್ಯಾಕ್ ತಿರುಗಿಸುವುದರಲ್ಲೇ ಮುಗಿಯುತ್ತದೆ.

ಮೋಟಾರ್ ಮತ್ತು ವಿದ್ಯುತ್

14 ಹಲ್ಲಿನ 08ಬಿ ಸ್ಪ್ರಾಕೆಟ್ (ಹಿಂದಿನ ಹಲ್ಲುಚಕ್ರ) ಒಂದು ಸುತ್ತಿಗೆ 178 ಮಿ.ಮೀ. ಟ್ರ್ಯಾಕ್ ಎಳೆಯುತ್ತದೆ. ನಿಮಿಷಕ್ಕೆ 300 ಸುತ್ತಿನ ಗೇರ್ ಮೋಟಾರ್ ಹಾಕಿದರೆ ವೇಗ ಗಂಟೆಗೆ 3.2 ಕಿ.ಮೀ. ಟಿ-55ರ ಗರಿಷ್ಠ ವೇಗ ಗಂಟೆಗೆ 50 ಕಿ.ಮೀ. ಆದ್ದರಿಂದ ನಮ್ಮ ಅಳತೆಗೆ 5 ಕಿ.ಮೀ.ಯೇ ಮಿತಿ. ಅದಕ್ಕಿಂತ ಜೋರಾಗಿ ಓಡಿದರೆ ಟ್ಯಾಂಕಿನ ಗತ್ತು ಹೋಗಿ ಆಟಿಕೆ ಕಾರಾಗುತ್ತದೆ.

ಬಲದ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. 12 ಕಿಲೊ ಮಾದರಿ 30 ಡಿಗ್ರಿ ಏರು ಹತ್ತಲು 6 ಕಿಲೊ ಎಳೆತ ಬೇಕು, ಟ್ರ್ಯಾಕಿನ ಘರ್ಷಣೆಗೆ ಇನ್ನೊಂದು 3 ಕಿಲೊ ಸೇರಿಸಿ. ಒಂದೊಂದು ಬದಿಗೆ ನಾಲ್ಕೂವರೆ ಕಿಲೊ. ಸ್ಪ್ರಾಕೆಟಿನ ತ್ರಿಜ್ಯ 2.8 ಸೆಂ.ಮೀ. ಆದ್ದರಿಂದ ಸುಮಾರು 13 ಕಿಲೊ-ಸೆಂ.ಮೀ. ತಿರುಚುಬಲ. ನಿಂತಲ್ಲೇ ತಿರುಗುವಾಗ ಟ್ರ್ಯಾಕ್ ಅಡ್ಡಡ್ಡ ಉಜ್ಜುವುದರಿಂದ ಇನ್ನೂ ಹೆಚ್ಚು ಬೇಕು. 12 ವೋಲ್ಟಿನ, 25ರಿಂದ 30 ಕಿಲೊ-ಸೆಂ.ಮೀ. ನಿರಂತರ ಬಲದ, ಲೋಹದ ಗೇರಿನ ಮೋಟಾರ್ ಎರಡು ತನ್ನಿ. ಸ್ಪ್ರಾಕೆಟನ್ನು ಮೋಟಾರಿನ ಅಚ್ಚಿಗೇ ನೇತುಹಾಕಬೇಡಿ. ಅದಕ್ಕೆ ಎರಡು ಬೇರಿಂಗಿನ ಸ್ವಂತ ಅಚ್ಚು ಕೊಟ್ಟು, ಮೋಟಾರಿನಿಂದ ಸರಿಸಮ ಹಲ್ಲಿನ ಗೇರ್ ಜೋಡಿಯಿಂದ ಎಳೆಯಿರಿ.

ಮೋಟಾರ್ ಕಂಟ್ರೋಲರ್ ಎರಡು ಚಾನೆಲ್‌ನದಾಗಿರಲಿ, ಒಂದೇ ಕಡ್ಡಿಯಿಂದ ಎರಡೂ ಮೋಟಾರುಗಳ ವೇಗ ಹೊಂದಿಸುವ ಮಿಕ್ಸಿಂಗ್ ಸೌಲಭ್ಯ ಇರಲಿ, ಮೋಟಾರ್ ಪೂರ್ತಿ ತಡೆದು ನಿಂತಾಗ ಎಳೆಯುವ ಕರೆಂಟನ್ನು ತಡೆದುಕೊಳ್ಳುವಂತಿರಲಿ. ರಿಮೋಟ್ 2.4 ಗಿಗಾಹರ್ಟ್ಸ್‌ನ ಆರು ಚಾನೆಲ್‌ನದು ಸಾಕು. ಬ್ಯಾಟರಿಗೆ ನನ್ನ ಮತ ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿಗೆ. ಅದು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಅದರ ಎರಡು ಕಿಲೊ ತೂಕ ನಮಗೆ ಬೇಕಾದದ್ದೇ, ಮಗ್ಗುಲಾಗಿ ಮಲಗಿಸಿದರೆ ಒಡಲೊಳಗೆ ಹಿಡಿಸುತ್ತದೆ. ಲಿಥಿಯಂ ಪಾಲಿಮರ್ ಹಗುರ, ಶಕ್ತಿಯುತ, ಆದರೆ ಅದನ್ನು ಪ್ರತಿ ಸೆಲ್ಲನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ಮುಟ್ಟಬಾರದು, ಚಾರ್ಜಿಗೆ ಹಾಕಿ ಮಲಗಲೂ ಬಾರದು. ಮೋಟಾರುಗಳು ಹಿಂದೆ ಇರುವುದರಿಂದ ಬ್ಯಾಟರಿಯನ್ನು ಸ್ವಲ್ಪ ಮುಂದೆ ಇಟ್ಟು, ಒಟ್ಟು ಭಾರ ಮೂರನೆಯ ಚಕ್ರದ ಮೇಲೆ ಬರುವಂತೆ ಮಾಡಿ. ಬ್ಯಾಟರಿಯ ಪ್ಲಸ್ ತಂತಿಗೆ ತೀರ ಹತ್ತಿರದಲ್ಲೇ ಫ್ಯೂಸ್ ಇರಲಿ.

ನೆಲಕ್ಕೆ ಇಳಿಸುವ ಮುನ್ನ ಒಡಲನ್ನು ಮರದ ದಿಮ್ಮಿಯ ಮೇಲೆ ಕೂರಿಸಿ ಟ್ರ್ಯಾಕ್ ಓಡಿಸಿ, ಓಡುತ್ತಿರುವಾಗಲೇ ರಿಮೋಟ್ ಆರಿಸಿ. ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ, ಸಿಗ್ನಲ್ ತಪ್ಪಿದೊಡನೆ ಮೋಟಾರ್ ನಿಲ್ಲಿಸುವ ಫೇಲ್‌ಸೇಫ್ ಹೊಂದಿಸುವವರೆಗೆ ಕೆಳಗಿಳಿಸಬೇಡಿ. ಲೋಹದ ಟ್ರ್ಯಾಕಿನ 12 ಕಿಲೊ ಯಂತ್ರ ಮಗುವಿನ ಕಾಲಬೆರಳನ್ನು ಜಜ್ಜಬಲ್ಲದು.

ಈಗ ಅಂಗಳಕ್ಕೆ ತನ್ನಿ. ಟರೆಟ್ ಇಲ್ಲ, ಬಣ್ಣ ಇಲ್ಲ, ಚಿಂತೆ ಬೇಡ. ಅದೇ ತೂಕದ ಕಲ್ಲೊಂದನ್ನು ಮೇಲೆ ಕಟ್ಟಿ ಅಡಿಕೆ ತೋಟದ ಕಾಲುದಾರಿಯಲ್ಲಿ, ಒದ್ದೆ ಮಣ್ಣಿನಲ್ಲಿ, ಹಾವಸೆ ಹಿಡಿದ ಅಂಗಳದಲ್ಲಿ ಓಡಿಸಿ. ಬಣ್ಣ ಹಚ್ಚಿದ ಮೇಲೆ ಬಿಚ್ಚಬೇಕಾದ್ದನ್ನೆಲ್ಲ ಈಗಲೇ ಬಿಚ್ಚಿ ಸರಿಪಡಿಸಿಕೊಳ್ಳಿ. ಚೈನಿಗೆ ಗ್ರೀಸ್ ಹಾಕಬೇಡಿ. ಗ್ರೀಸಿಗೆ ಅಂಟಿದ ಕೆಂಪು ಹರಳು ಲೋಹವನ್ನು ಅರೆಯುತ್ತದೆ. ಒಣಗಿದ ಮೇಲೆ ಅಂಟಿಲ್ಲದ ಮೇಣದ ಲೂಬ್ರಿಕೆಂಟ್ ಸರಿ.

ಟರೆಟ್

ಟಿ-55ರ ಟರೆಟ್ ಬೋರಲು ಹಾಕಿದ ಬಾಣಲೆಯ ಹಾಗೆ. ಸುತ್ತಲೂ ದುಂಡು, ಆದ್ದರಿಂದ ತಗಡಿನಲ್ಲಿ ಮಾಡಲಾಗದು. ಮರದಲ್ಲಿ ಕೆತ್ತಿ. ಶಿವನೆ ಮರ ಇದಕ್ಕೆ ಬಲು ಒಳ್ಳೆಯದು: ಹಗುರ, ಉಳಿಗೆ ಮಣಿಯುತ್ತದೆ, ಒಣಗಿದ ಮೇಲೆ ಅಷ್ಟಾಗಿ ಬಾಗುವುದಿಲ್ಲ. ಸಾಗರ, ಸೊರಬದ ಕಡೆಯ ಗುಡಿಗಾರರಿಗೆ ಚಿತ್ರ ತೋರಿಸಿದರೆ ಅವರ ಕೈಯಲ್ಲಿ ಈ ದುಂಡು ನೀವು ಊಹಿಸಿದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಮರದ ಅಚ್ಚಿನ ಮೇಲೆ ಪಾಲಿಥೀನ್ ಹಾಳೆ ಹೊದಿಸಿ, ಗ್ಲಾಸ್ ಫೈಬರ್ ಬಟ್ಟೆಯನ್ನು ಎಪಾಕ್ಸಿಯಲ್ಲಿ ಎರಡು ಮೂರು ಪದರ ಹಚ್ಚಿದರೆ ಟೊಳ್ಳಾದ, ಗಟ್ಟಿಯಾದ ಚಿಪ್ಪು ಸಿಗುತ್ತದೆ.

ನಿಜವಾದ ಟರೆಟ್ ಎರಕದ್ದು, ಅದರ ಮೈ ಒರಟು. ಕಾರಿನ ಪುಟ್ಟಿಯನ್ನು ಥಿನ್ನರಿನಲ್ಲಿ ತೆಳುಮಾಡಿ, ಗಿಡ್ಡ ಬಿರುಗೂದಲ ಬ್ರಷ್ಷಿನಿಂದ ಕುಟ್ಟುತ್ತಾ ಹೋಗಿ. ಒಣಗಿದ ಮೇಲೆ ಉಪ್ಪುಕಾಗದದಿಂದ ಮೊನೆಗಳನ್ನಷ್ಟೇ ಸವರಿ. ಇಳಿಬೆಳಕಿನಲ್ಲಿ ನೋಡಿದಾಗ ಗುಳಿಗಳು ಕಾಣಬೇಕು, ನೇರ ಬೆಳಕಿನಲ್ಲಿ ಕಾಣಬಾರದು. ಅಷ್ಟಕ್ಕೆ ನಿಲ್ಲಿಸಿ.

ತೋಪಿನ ತುದಿಯನ್ನು ಗಮನಿಸಿ. 1971ರ ಕಾಲದ 100 ಮಿ.ಮೀ. ತೋಪಿನಲ್ಲಿ ಹೊಗೆ ಹೊರಹಾಕುವ ಉಬ್ಬು ಮೂತಿಯ ಬಳಿ ಇರುತ್ತದೆ. ನಂತರದ ವರ್ಷಗಳಲ್ಲಿ ನಮ್ಮ ಸೇನೆ ಅಳವಡಿಸಿದ 105 ಮಿ.ಮೀ. ತೋಪಿನಲ್ಲಿ ಅದು ಕೊಳವೆಯ ನಡುಭಾಗದಲ್ಲಿದೆ. ಯಾವ ಕಾಲದ ಟ್ಯಾಂಕ್ ಎಂದು ಮೊದಲೇ ನಿರ್ಧರಿಸಿ. ತೋಪು 5 ಡಿಗ್ರಿ ಕೆಳಕ್ಕೆ, 18 ಡಿಗ್ರಿ ಮೇಲಕ್ಕೆ ಆಡುವಂತೆ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಹೊಂದಿಸಿ. ಟರೆಟ್ ತಿರುಗಿಸಲು ಅತಿ ನಿಧಾನದ ಮೋಟಾರ್ ಹಾಕಿ, ತಂತಿಗಳು ತಿರುಚಿಕೊಳ್ಳದಂತೆ ನಡುವೆ ಸ್ಲಿಪ್ ರಿಂಗ್ ಕೊಡಿ. ಹಿಂಬದಿಗೆ ಕಟ್ಟುವ ಮರದ ದಿಮ್ಮಿಗೆ ಒಣಗಿದ ಕಾಫಿ ಗಿಡದ ಕೊಂಬೆಯ ನೇರ ತುಂಡು ಸಾಕು, ಅದರ ತೊಗಟೆ ಈ ಅಳತೆಗೆ ಒಪ್ಪುತ್ತದೆ.

ಬಣ್ಣ

ಎಲ್ಲವನ್ನೂ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಲ್ಯೂಮಿನಿಯಂಗೆ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಕಡ್ಡಾಯ, ಸಾದಾ ಪ್ರೈಮರ್ ಹಾಳೆಯಂತೆ ಎದ್ದುಬರುತ್ತದೆ. ಅದರ ಮೇಲೆ ಬೂದು ಪ್ರೈಮರ್ ತೆಳುವಾಗಿ.

ಗೋಡೆಗೊಂದು ತೇವಾಂಶ ಮಾಪಕ ನೇತುಹಾಕಿ. ಶೇ 70ಕ್ಕಿಂತ ಹೆಚ್ಚಿದ್ದ ದಿನ ಸ್ಪ್ರೇ ಮುಟ್ಟಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ, ಹಸಿರು ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬೆಚ್ಚಗಿನ ಜಾಗ ಹುಡುಕಿ ಬಚ್ಚಲ ಒಲೆಯ ಬಳಿಗೋ ಅಡಿಕೆ ಬೇಯಿಸುವ ಒಲೆಯ ಬಳಿಗೋ ಮಾತ್ರ ಹೋಗಬೇಡಿ. ಥಿನ್ನರ್ ಆವಿಗೆ ಒಂದು ಕಿಡಿ ಸಾಕು. ಅಡಿಕೆ ಒಣಗಿಸುವ ಪಾಲಿಥೀನ್ ಚಪ್ಪರದಲ್ಲಿ ಬೆಳಗಿನ ಹೊತ್ತು ಒಣಗಿಸಬಹುದು, ಆದರೆ ಮಧ್ಯಾಹ್ನದ ಅಲ್ಲಿನ ಕಾವಿಗೆ ಪಿವಿಸಿ ಶೀಟ್ ಮೆತ್ತಗಾಗುತ್ತದೆ. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಧರಿಸಿಯೇ ಸ್ಪ್ರೇ ಮಾಡಿ.

ಮೂಲ ಬಣ್ಣ ಸೇನೆಯ ಗಾಢ ಹಸಿರು. ಡಬ್ಬಿಯ ಬಣ್ಣವನ್ನು ಹಾಗೇ ಹಚ್ಚಿದರೆ ಸಣ್ಣ ಮಾದರಿ ಕಪ್ಪಾಗಿ ಕಾಣುತ್ತದೆ, ಹತ್ತರಲ್ಲಿ ಒಂದು ಪಾಲು ತಿಳಿ ಮರಳುಬಣ್ಣ ಬೆರೆಸಿ. ಏರ್‌ಬ್ರಷ್ ಒತ್ತಡ 20 ಪಿಎಸ್‌ಐ ಆಸುಪಾಸು, ಮೂರು ತೆಳು ಪದರ. ಬಿಸಿಲು ಬೀಳುವ ಮೇಲ್ಮೈಗಳಿಗೆ ಇನ್ನೂ ಸ್ವಲ್ಪ ತಿಳಿ, ಚಕ್ರಗಳ ಹಿಂದೆ ಗಾಢ. ಚಕ್ರದ ರಬ್ಬರ್ ಅಂಚಿಗೆ ಕಡುಗಪ್ಪು ಬೇಡ, ಬೂದು ಬೆರೆತ ಕಪ್ಪು ಹಚ್ಚಿ. ದಪ್ಪ ರಟ್ಟಿನಲ್ಲಿ ತಟ್ಟೆಯ ಅಳತೆಗೆ ವೃತ್ತ ಕತ್ತರಿಸಿ ಚಕ್ರದ ಮೇಲಿಟ್ಟರೆ ಹತ್ತೂ ಚಕ್ರ ಒಂದೇ ಸಮ ಬರುತ್ತವೆ. ಗುರುತುಗಳಿಗೆ ಒಂದೇ ಒಂದು ನಿಜವಾದ ಫೋಟೋ ಆರಿಸಿ ಅದನ್ನೇ ಅನುಸರಿಸಿ. ನಮ್ಮ ಸೇನಾ ವಾಹನಗಳ ನೋಂದಣಿ ಸಂಖ್ಯೆಯ ಜೊತೆ ಮೇಲ್ಮುಖ ಬಾಣ ಇರುತ್ತದೆ, ಅದು ತಪ್ಪದಿರಲಿ.

ಗುರುತುಗಳ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ ಹಚ್ಚಿ ಪೂರ್ತಿ ಒಣಗಲು ಬಿಡಿ. ಆಮೇಲೆ ಕಡುಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಿನಂತೆ ತೆಳುಮಾಡಿ, ಸಣ್ಣ ಬ್ರಷ್ಷಿನ ತುದಿಯನ್ನು ಒಂದು ಬೋಲ್ಟಿನ ಬುಡಕ್ಕೆ ತಾಗಿಸಿ. ಬಣ್ಣ ತಾನಾಗಿಯೇ ಸುತ್ತ ಹರಿದು ಗೆರೆಯೊಳಗೆ ಇಳಿಯುತ್ತದೆ. ಹೆಚ್ಚಾದದ್ದನ್ನು ಅರ್ಧ ಗಂಟೆಯ ನಂತರ ಒಣ ಬ್ರಷ್ಷಿನಿಂದ ಕೆಳಮುಖವಾಗಿಯೇ ಎಳೆಯಿರಿ, ಏಕೆಂದರೆ ಮಳೆ ಹಾಗೆಯೇ ಹರಿಯುತ್ತದೆ. ಎಡ ಮಡ್‌ಗಾರ್ಡಿನ ಮೇಲಿರುವ ಹೊಗೆಕೊಳವೆಗೆ ತುಕ್ಕು ಮತ್ತು ಮಸಿ. ಟ್ರ್ಯಾಕಿಗೆ ಕಿತ್ತಳೆ ತುಕ್ಕು ಹಚ್ಚುವುದು ತಪ್ಪು ರೂಢಿ. ದಿನವೂ ಓಡುವ ಟ್ರ್ಯಾಕ್ ಗಾಢ ಕಂದಾಗಿದ್ದು ನೆಲಕ್ಕೆ ತಾಗುವ ಕಡೆ ಹೊಳೆಯುತ್ತದೆ. ಆ ಹೊಳಪನ್ನು ಅಂಗಳವೇ ಕೊಡುತ್ತದೆ.

ಮಣ್ಣಿಗೆ ಬಣ್ಣ ಕೊಳ್ಳಬೇಡಿ. ಬೇಸಿಗೆಯಲ್ಲಿ ಜಂಬಿಟ್ಟಿಗೆ ಧೂಳನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಡಬ್ಬಿಯಲ್ಲಿಡಿ. ಅದನ್ನು ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ ಚಕ್ರದ ಒಳಮೈ, ಮಡ್‌ಗಾರ್ಡಿನ ಅಡಿ, ಒಡಲಿನ ಕೆಳ ಅಂಚಿಗೆ ಬಿರುಗೂದಲ ಬ್ರಷ್ಷಿನಿಂದ ಚಿಮುಕಿಸಿ. ಪಶ್ಚಿಮ ಗಡಿಯ ನಿರ್ದಿಷ್ಟ ಕಾಳಗದ ಟ್ಯಾಂಕ್ ಮಾಡುವವರಿಗೆ ಈ ಕೆಂಪು ಸಲ್ಲದು. ಪಂಜಾಬಿನ ಬಯಲಿನದು ಮೆಕ್ಕಲು ಮಣ್ಣು, ಬೂದುಮಿಶ್ರಿತ ತಿಳಿಗಂದು. ಆದರೆ ನಿಮ್ಮ ತೋಟದಲ್ಲಿ ಓಡುವ ಟ್ಯಾಂಕಿಗೆ ನಿಮ್ಮ ತೋಟದ ಮಣ್ಣೇ ಸತ್ಯವಾದ ಬಣ್ಣ, ನಾಳೆ ಓಡಿಸಿದಾಗ ಹೊಸ ಮಣ್ಣು ಹಳೆಯದರ ಜೊತೆ ಬೆರೆತು ಹೋಗುತ್ತದೆ. ಕೊನೆಗೆ ಎಲ್ಲದರ ಮೇಲೆ ಮ್ಯಾಟ್ ವಾರ್ನಿಷ್.

ಓಡಿಸಿದ ನಂತರ

ಮಣ್ಣು ಹಸಿಯಿರುವಾಗಲೇ ಬ್ರಷ್ಷಿನಿಂದ ತೊಳೆಯಿರಿ, ಟ್ರ್ಯಾಕನ್ನು ಒರೆಸಿ ಬಿಸಿಲಿಗಿಡಿ. ಮಳೆಗಾಲದಲ್ಲಿ ಎತ್ತಿಡುವಾಗ ಒಡಲನ್ನು ದಿಮ್ಮಿಯ ಮೇಲೆ ಕೂರಿಸಿ, ತಿರುಚು ಸರಳುಗಳ ಮೇಲೆ ತಿಂಗಳುಗಟ್ಟಲೆ ಭಾರ ಬೇಡ. ಕಂಟ್ರೋಲರ್ ಇರುವ ಕೋಣೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ. ಸೀಲ್ಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಹೊರಗೆ ತೆಗೆದಿಟ್ಟು, ಎರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಆದರೆ ಸೆಲ್ಲಿಗೆ 3.8 ವೋಲ್ಟ್ ಮಟ್ಟದಲ್ಲಿ ಲೋಹದ ಡಬ್ಬಿಯೊಳಗಿಡಿ.